ಕಡಲಾಳದ ಕತ್ತಲೆಗೆ ಎಂಥ ದೀಪ?



ನಾವೆಲ್ಲ ಮಸ್ಕತ್‌ಗೆ ಬಂದ ಹೊಸತರಲ್ಲಿ ಶುಕ್ರವಾರ ಅಂದರೆ ರೂವಿಯಲ್ಲಿ ದಿನಸಿ ಖರೀದಿ, ಮತ್ರಾಹ್ ಸೂಕ್‌ನಲ್ಲಿ ಒಂದು ಸುತ್ತು, ಸಂಜೆ ಖುರಂ ಬೀಚಿನಲ್ಲಿ ಮನೆಯಿಂದ ತಂದ ಚಿತ್ರಾನ್ನ. ಸಮುದ್ರ ಅಂದರೆ ದಡದಲ್ಲಿ ಕೂತು ನೋಡುವ ವಸ್ತು. ಈಗಿನ ಮಕ್ಕಳು ಹಾಗಲ್ಲ ನೋಡಿ. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಒಳಗೇ ಇಳಿಯುತ್ತಾರೆ. ನನ್ನ ಮಗಳು ಅವರಲ್ಲೊಬ್ಬಳು. ಅವಳ ಹಿಂದೆ, ನಲವತ್ತು ದಾಟಿದ ಮೇಲೆ, ನಾನೂ ಕಲಿತೆ.

ಎರಡು ವರ್ಷದ ಹಿಂದೆ ಬಂದರ್ ಖೈರಾನ್ ಹತ್ತಿರ ಅವಳ ಮೊದಲ ರಾತ್ರಿ ಡೈವಿಂಗ್. ಅದಕ್ಕೆ ಬೇಕಾದ ಟಾರ್ಚನ್ನು ನಾನೇ ಇಂಟರ್ನೆಟ್ಟಿನಲ್ಲಿ ಹುಡುಕಿ ತರಿಸಿದ್ದೆ. ಏಳು ರಿಯಾಲ್. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ "10,000 ಲ್ಯೂಮೆನ್". ಏನು ಅಗ್ಗ ಅಂತ ಬೀಗಿದ್ದೆ. ಸುಮಾರು 12 ಮೀಟರ್ ಆಳದಲ್ಲಿ ಕಾಲು ಗಂಟೆ ಕಳೆಯುವುದರೊಳಗೆ ಅದು ಎರಡು ಸಲ ಮಿಣುಕಿ ಆರಿಹೋಯಿತು. ಇನ್‌ಸ್ಟ್ರಕ್ಟರ್ ತಕ್ಷಣ ತಮ್ಮ ಎರಡನೇ ಟಾರ್ಚನ್ನು ಅವಳ ಕೈಗಿಟ್ಟು, ಮೆಲ್ಲಗೆ ಮೇಲೆ ಕರೆತಂದರು. "ಅಪ್ಪಾ, ನಿಮ್ಮ ಟಾರ್ಚಿನೊಳಗೆ ಅರ್ಧ ಸಮುದ್ರ ಇದೆ" ಅಂತ ಮಗಳು ನಗುತ್ತಾ ದೋಣಿ ಹತ್ತಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವಳ ಮೊಬೈಲ್ ಫೋನು ಆರಿಸಲು ಮೂರು ವಾರ ತೆಗೆದುಕೊಂಡ ನಾನು, ಈ ಟಾರ್ಚಿಗೆ ಕೊಟ್ಟಿದ್ದು ಐದು ನಿಮಿಷ.

ಈ ಲೇಖನ ಆ ಐದು ನಿಮಿಷದ ಪ್ರಾಯಶ್ಚಿತ್ತ ಅಂದುಕೊಳ್ಳಿ. ನೀರಿನಡಿಯ ದೀಪವನ್ನು ನಾವು ಆಟದ ಸಾಮಾನಿನ ಹಾಗೆ ಕೊಳ್ಳುತ್ತಿದ್ದೇವೆ. ಅದನ್ನು ಕಾರಿನ ಬ್ರೇಕಿನ ಹಾಗೆ ನೋಡಿ ಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

"ನಮ್ಮ ಮಕ್ಕಳು ಹಗಲಲ್ಲೇ ಇಳಿಯುವುದು, ದೀಪ ಯಾಕೆ?" ಅಂತ ಕೇಳಬಹುದು. ಬೇಕು. ಬಿಸಿಲಿನ ಬಣ್ಣಗಳನ್ನು ನೀರು ಒಂದೊಂದಾಗಿ ಹೀರಿಕೊಳ್ಳುತ್ತದೆ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ದೈಮಾನಿಯತ್ ದ್ವೀಪಗಳ ಹವಳವನ್ನು ನೋಡಿ ಬಂದವರು "ಎಲ್ಲಾ ನೀಲಿ ಬೂದು, ಟಿವಿಯಲ್ಲಿ ತೋರಿಸುವ ಹಾಗಿಲ್ಲ" ಅನ್ನುವುದು ಇದಕ್ಕೇ. ಹತ್ತಿರ ಹೋಗಿ ಟಾರ್ಚ್ ಹಿಡಿದರೆ ಅದೇ ಬಂಡೆ ಕುಂಕುಮ, ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಇನ್ನು ಬಂದರ್ ಖೈರಾನ್ ಬಳಿ 2003ರಲ್ಲಿ ಮೀನುಗಳಿಗೆ ಮನೆಯಾಗಲಿ ಅಂತ ಬೇಕೆಂದೇ ಮುಳುಗಿಸಿದ ಒಮಾನ್ ನೌಕಾಪಡೆಯ ಹಳೆಯ ಹಡಗು ಅಲ್ ಮುನಾಸಿರ್ ಇದೆಯಲ್ಲ, ಅದರ ಕೋಣೆಗಳೊಳಗೆ ಮಟಮಟ ಮಧ್ಯಾಹ್ನವೂ ಕತ್ತಲೆಯೇ. ತರಬೇತಿ ಇಲ್ಲದವರು ಅದರೊಳಗೆ ಹೋಗಲೇಬಾರದು, ಅದು ಬೇರೆ ಮಾತು.

ಈಗ ಪೆಟ್ಟಿಗೆಯ ಮೇಲಿನ ಲ್ಯೂಮೆನ್ ವಿಚಾರ. ಸ್ವಲ್ಪ ಲೆಕ್ಕ ಹಾಕೋಣ. ಒಂದು ಒಳ್ಳೆಯ ಎಲ್‌ಇಡಿ ಒಂದು ವಾಟ್‌ಗೆ ಸುಮಾರು 100 ಲ್ಯೂಮೆನ್ ಕೊಡುತ್ತದೆ ಅಂತಿಟ್ಟುಕೊಳ್ಳಿ. 10,000 ಲ್ಯೂಮೆನ್‌ಗೆ 100 ವಾಟ್ ಬೇಕು. ನನ್ನ ಟಾರ್ಚಿನಲ್ಲಿದ್ದದ್ದು 18650 ಅನ್ನುವ ಅಳತೆಯ ಒಂದೇ ಒಂದು ಲಿಥಿಯಂ ಸೆಲ್ಲು. ಅದರಲ್ಲಿ ಹಿಡಿಸುವುದು ಸುಮಾರು 12 ವಾಟ್-ಅವರ್. ಅಂದರೆ ಪೆಟ್ಟಿಗೆ ಹೇಳಿದ ಬೆಳಕನ್ನು ಅದು ನಿಜಕ್ಕೂ ಕೊಟ್ಟರೆ ಏಳು ನಿಮಿಷದಲ್ಲಿ ಬ್ಯಾಟರಿ ಖಾಲಿ! ಕೂಡಿ ಕಳೆಯಲು ಬರುವ ಯಾರಿಗೂ ಇದು ಸುಳ್ಳು ಅಂತ ಗೊತ್ತಾಗುತ್ತದೆ. ಇಂಜಿನಿಯರ್ ಅಂತ ಹೇಳಿಕೊಳ್ಳುವ ನನಗೆ ಮಾತ್ರ ಗೊತ್ತಾಗಲಿಲ್ಲ. ಸೆಲ್ಲಿನ ಮೇಲೆ "9,900 ಎಂಎಎಚ್" ಅಂತಿದ್ದರೂ ಅಷ್ಟೇ. ಆ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ ಇರುವುದು 3,500ರ ಆಸುಪಾಸು.

ಲ್ಯೂಮೆನ್ ಅಂದರೆ ಒಟ್ಟು ಬೆಳಕು. ಅದು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವುದು ಅಷ್ಟೇ ಮುಖ್ಯ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಬೆರಳು ಒತ್ತಿದರೆ ಅದೇ ನೀರು ದೂರಕ್ಕೆ ಚಿಮ್ಮುತ್ತದಲ್ಲ, ಹಾಗೆ. ವಿಡಿಯೋ ತೆಗೆಯುವವರಿಗೆ 100 ಡಿಗ್ರಿಗೂ ಮೀರಿ ಹರಡುವ ಬೆಳಕು ಬೇಕು. ನಮ್ಮಂಥವರಿಗೆ 10-12 ಡಿಗ್ರಿಯ ಬಿಗಿಯಾದ ಕಿರಣವೇ ಒಳ್ಳೆಯದು. ಒಮಾನ್ ಸಮುದ್ರದಲ್ಲಿ ಕೆಲವು ತಿಂಗಳು ಪಾಚಿಕಣ ಹೆಚ್ಚಾಗಿ ನೀರು ಹಸಿರು ಗಂಜಿಯಾಗುತ್ತದೆ. ಆಗ ಅಗಲ ಬೆಳಕು ಹಾಕುವುದು ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈಬೀಮ್ ಹಾಕಿದಂತೆ. ಬೆಳಕೆಲ್ಲ ತಿರುಗಿ ನಮ್ಮ ಕಣ್ಣಿಗೇ ರಾಚುತ್ತದೆ.

ನನ್ನ ಟಾರ್ಚು ಸತ್ತದ್ದು ಬೆಳಕು ಕಡಿಮೆಯಾಗಿ ಅಲ್ಲ, ನೀರು ನುಗ್ಗಿ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್‌ನಲ್ಲಿ ದಡದ ನಾಲ್ಕರಷ್ಟು. ಅದನ್ನು ತಡೆಯುವುದು ಓ-ರಿಂಗ್ ಅನ್ನುವ ಪುಟ್ಟ ರಬ್ಬರ್ ಬಳೆ. ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ. ಗ್ಯಾಸ್ಕೆಟ್ಟಿಗೆ ಒಂದು ಅಗುಳು ಅಂಟಿದ್ದರೆ ಸೀಟಿ ಬರುವುದಿಲ್ಲ ಅಂತ ಮನೆಯವರಿಗೆಲ್ಲ ಗೊತ್ತು. ಓ-ರಿಂಗ್‌ಗೆ ಒಂದು ಕೂದಲೆಳೆ, ಒಂದು ಮರಳಿನ ಕಣ ಸಾಕು. ಹಾಗಾಗಿ ಮುಚ್ಚಳದಲ್ಲಿ ಎರಡು ಓ-ರಿಂಗ್ ಇರುವುದನ್ನೇ ಕೇಳಿ. ಸ್ವಿಚ್ಚು ಅಯಸ್ಕಾಂತದ್ದಾದರೆ ಇನ್ನೂ ಉತ್ತಮ, ಏಕೆಂದರೆ ಅದಕ್ಕಾಗಿ ಟಾರ್ಚಿನ ಮೈಗೆ ತೂತು ಕೊರೆಯಬೇಕಿಲ್ಲ. "ಐಪಿಎಕ್ಸ್8" ಅಂತ ಬರೆದಿದ್ದರೆ ಮರುಳಾಗಬೇಡಿ. ಒಂದು ಮೀಟರಿಗಿಂತ ಹೆಚ್ಚು ಆಳದಲ್ಲಿ, ತಯಾರಕರೇ ಗೊತ್ತುಮಾಡಿದ ಮಟ್ಟಕ್ಕೆ ಪರೀಕ್ಷಿಸಿದ್ದಾರೆ ಅಂತಷ್ಟೇ ಅದರ ಅರ್ಥ. ಆ ಆಳ ಎಷ್ಟು ಮೀಟರ್ ಅಂತ ಸ್ಪಷ್ಟವಾಗಿ ಬರೆದಿರಬೇಕು.

"ಎರಡು ಗಂಟೆ ಉರಿಯುತ್ತದೆ" ಅನ್ನುವುದರಲ್ಲೂ ಒಂದು ಗುಟ್ಟಿದೆ. ಟಾರ್ಚುಗಳಿಗೆ ಬಳಸುವ ಎಎನ್‌ಎಸ್‌ಐ ಎಫ್‌ಎಲ್1 ಮಾನದಂಡದ ಪ್ರಕಾರ, ಬೆಳಕು ಮೊದಲಿದ್ದುದರ ಶೇ. 10ಕ್ಕೆ ಇಳಿಯುವವರೆಗಿನ ಸಮಯವೆಲ್ಲ ಲೆಕ್ಕಕ್ಕೆ ಬರುತ್ತದೆ. ಅಂದರೆ ಕೊನೆಯ ಒಂದು ಗಂಟೆ ದೇವರ ಕೋಣೆಯ ನಂದಾದೀಪದಷ್ಟೇ ಬೆಳಕಿದ್ದರೂ ಅವರು ಸುಳ್ಳು ಹೇಳಿದಂತಾಗುವುದಿಲ್ಲ. ಸಮಯದ ಜೊತೆ ಬೆಳಕು ಹೇಗೆ ಇಳಿಯುತ್ತದೆ ಅನ್ನುವ ಗ್ರಾಫ್ ಪ್ರಕಟಿಸುವ ಕಂಪನಿಯ ಮಾಲನ್ನು ನಾನು ಹೆಚ್ಚು ನಂಬುತ್ತೇನೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ ಸರಳ. 60 ರಿಯಾಲ್ ಕೊಟ್ಟು ಒಂದು ದೊಡ್ಡ ದೀಪ ಕೊಳ್ಳುವ ಬದಲು, ಅದೇ ದುಡ್ಡಿನಲ್ಲಿ ಎರಡು ಸಾಧಾರಣ ದೀಪ ಕೊಳ್ಳಿ. ಒಂದು ಪ್ರಾಮಾಣಿಕ 1,000 ಲ್ಯೂಮೆನ್ನಿನದು ಕೈಯಲ್ಲಿ, ಅದರ ಅರ್ಧದಷ್ಟಿನ ಇನ್ನೊಂದು ಜಾಕೆಟ್ಟಿಗೆ ಸಿಕ್ಕಿಸಿ. ರಾತ್ರಿ ಡೈವಿಂಗಿನ ಮೊದಲ ಪಾಠವೇ ಒಬ್ಬೊಬ್ಬರಿಗೆ ಎರಡೆರಡು ದೀಪ. ಗುಹೆಗಿಳಿಯುವವರು ಮೂರು ಒಯ್ಯುತ್ತಾರೆ. ವರ್ಷಕ್ಕೆ ಒಂದೆರಡು ಸಲ ಇಳಿಯುವವರಾದರೆ ದೊಡ್ಡದನ್ನು ಡೈವ್ ಸೆಂಟರಿನಲ್ಲಿ ಬಾಡಿಗೆಗೆ ಪಡೆದು, ಚಿಕ್ಕದನ್ನು ಮಾತ್ರ ಸ್ವಂತ ಇಟ್ಟುಕೊಳ್ಳಿ. "ಇನ್‌ಸ್ಟ್ರಕ್ಟರ್ ಹತ್ತಿರ ಇರುತ್ತಲ್ಲ" ಅಂದರು ಒಬ್ಬ ಗೆಳೆಯರು. ಇರುತ್ತದೆ ನಿಜ. ಅಂದು ನನ್ನ ಮಗಳನ್ನು ಕಾಪಾಡಿದ್ದೂ ಅದೇ. ಆದರೆ ಅದು ಅವರ ದೀಪ. ಒಂದೇ ಹೊತ್ತಿಗೆ ಇಬ್ಬರು ಮಕ್ಕಳ ಟಾರ್ಚು ಕೈಕೊಟ್ಟರೆ?

ತಂದ ಮೇಲೆ ಜೋಪಾನ ಮಾಡುವುದೂ ಅಷ್ಟೇ ಮುಖ್ಯ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಬಿಚ್ಚಿ. ಓ-ರಿಂಗ್‌ಗೆ ಕಂಪನಿ ಹೇಳಿದ ಸಿಲಿಕೋನ್ ಗ್ರೀಸನ್ನೇ ತೆಳುವಾಗಿ ಸವರಿ, ವ್ಯಾಸಲೀನ್ ಬೇಡ. ಜೂನ್ ತಿಂಗಳ ಮಸ್ಕತ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಟಾರ್ಚನ್ನಾಗಲಿ ಸೆಲ್ಲನ್ನಾಗಲಿ ಖಂಡಿತ ಬಿಡಬೇಡಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಹಾಕಬೇಡಿ. ರಜೆಯಲ್ಲಿ ಊರಿಗೆ ಹೋದಾಗ ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋಗುವವರು ನಮ್ಮಲ್ಲಿ ಇದ್ದಾರೆ. ವಿಮಾನದಲ್ಲಿ ಬಿಡಿ ಲಿಥಿಯಂ ಸೆಲ್ಲುಗಳನ್ನು ಕೈಚೀಲದಲ್ಲೇ ಒಯ್ಯಬೇಕು, ತುದಿಗಳು ಒಂದಕ್ಕೊಂದು ತಾಗದಂತೆ ಪುಟ್ಟ ಡಬ್ಬಿಯಲ್ಲಿಟ್ಟು. ಟಾರ್ಚಿನಿಂದ ಸೆಲ್ ತೆಗೆದಿಡಿ. ನೀರಿಗಾಗಿ ಮಾಡಿದ ದೀಪ ಚೀಲದೊಳಗೆ ಅಕಸ್ಮಾತ್ ಹೊತ್ತಿಕೊಂಡರೆ ವಿಪರೀತ ಕಾಯುತ್ತದೆ.

ಕೊನೆಗೆ ಒಂದು ಮಾತು. ರಾಸ್ ಅಲ್ ಜಿಂಜ್‌ಗೆ ಆಮೆ ನೋಡಲು ಹೋದವರಿಗೆಲ್ಲ ನೆನಪಿರಬಹುದು, ಅಲ್ಲಿ ನಮ್ಮ ಟಾರ್ಚು, ಫ್ಲ್ಯಾಶು ಹಾಕಗೊಡುವುದಿಲ್ಲ. ಬೆಳಕಿಗೆ ಮರಿಗಳು ದಾರಿ ತಪ್ಪುತ್ತವೆ. ನೀರಿನಡಿಯಲ್ಲೂ ಅದೇ ಮರ್ಯಾದೆ ಇರಲಿ. ಆಮೆಯ ಕಣ್ಣಿಗೆ, ಮಲಗಿದ ಮೀನಿಗೆ, ಜೊತೆಗಾರರ ಮುಖಕ್ಕೆ ನೇರ ಬೆಳಕು ಬಿಡಬೇಡಿ.

ಕಳೆದ ಚಳಿಗಾಲದಲ್ಲಿ ಮಗಳು ಮತ್ತೆ ರಾತ್ರಿ ಇಳಿದಳು. ಈ ಸಲ ಜೊತೆಗೆ ನಾನು, ಇಬ್ಬರ ಬಳಿ ನಾಲ್ಕು ದೀಪ. ನಡುವೆ ಇನ್‌ಸ್ಟ್ರಕ್ಟರ್ ಸನ್ನೆ ಮಾಡಿದರು. ಎಲ್ಲರೂ ಟಾರ್ಚನ್ನು ಎದೆಗೊತ್ತಿ ಮರೆಮಾಡಿದೆವು. ಮಗಳು ಕೈಯಾಡಿಸಿದಳು, ಬೆರಳ ಸುತ್ತ ನೀಲಿ ಕಿಡಿಗಳು ಹಾರಿದವು. ನೀರಿನ ಸೂಕ್ಷ್ಮಜೀವಿಗಳ ಬೆಳಕು ಅದು. ಈ ಸಲ ಕತ್ತಲೆ ಮಾಡಿಕೊಂಡಿದ್ದು ನಾವೇ, ದೀಪ ಕೈಕೊಟ್ಟು ಅಲ್ಲ. ಹಾಗಾಗಿ ನನಗೆ ಹೆದರಿಕೆಯಾಗಲಿಲ್ಲ.

ನಿಮ್ಮ ಮಕ್ಕಳ ಡೈವಿಂಗ್ ಚೀಲ ಇವತ್ತು ಸಂಜೆ ಒಮ್ಮೆ ಬಿಚ್ಚಿ ನೋಡಿ. ನನ್ನ ಅಭಿಪ್ರಾಯಕ್ಕೆ ನಿಮ್ಮ ಒಪ್ಪಿಗೆ ಇಲ್ಲದಿದ್ದರೆ ಸಂಘದ ಮುಂದಿನ ಪಿಕ್ನಿಕ್ಕಿನಲ್ಲಿ ಸಿಗಿ, ಕಾಫಿ ಕುಡಿಯುತ್ತಾ ಜಗಳವಾಡೋಣ.