ತೋಟದ ಮನೆಗೆ ಎಂಥ ಗಾಡಿ?

ಕಂಗಿನ ತೋಟವುಳ್ಳ ನಮ್ಮ ಮನೆಗಳಲ್ಲಿ ಇತ್ತೀಚೆಗೆ ನಾಲ್ವರು ಕೂಡಿದಲ್ಲೆಲ್ಲ ಏಳುವ ಪ್ರಶ್ನೆಯೊಂದುಂಟು. ಆಳುಗಳು ದೊರೆಯರು, ದೊರೆತವರು ತಲೆಹೊರೆ ಹೊರಲೊಲ್ಲರು. ಹಾಗಾದರೆ ಗುಡ್ಡೆಯ ಸೊಪ್ಪು, ಹಟ್ಟಿಯ ಗೊಬ್ಬರ, ಕೊಯ್ದ ಅಡಕೆ, ಕೆಡವಿದ ತೆಂಗಿನಕಾಯಿ ಇವನ್ನೆಲ್ಲ ಸಾಗಿಸುವ ಬಗೆ ಹೇಗೆ? ಒಂದು ಗಾಡಿ ಕೊಳ್ಳೋಣವೆಂದು ಮಗ ಹೇಳುತ್ತಾನೆ. ಅದು ಮಳೆಗಾಲದಲ್ಲಿ ಅಂಗಳ ಬಿಟ್ಟು ಕದಲೀತೇ ಎಂದು ತಂದೆ ಕೇಳುತ್ತಾರೆ. ಆ ಹಣದಲ್ಲಿ ಅಡುಗೆಮನೆಯ ಮಾಡು ಸರಿಮಾಡಿಸಬಹುದಿತ್ತೆಂದು ತಾಯಿ ನೆನಪಿಸುತ್ತಾರೆ. ಮೂವರ ಮಾತಿನಲ್ಲೂ ಹುರುಳುಂಟು. ಆದುದರಿಂದ ಈ ತಿಂಗಳ ಅಂಕಣವನ್ನು ನಾವು ಈ ವಿಚಾರಕ್ಕೇ ಮೀಸಲಿಟ್ಟಿದ್ದೇವೆ.

ಮೊದಲು ಕಣ್ಣ ಮುಂದಿರುವ ಗಾಡಿಗಳು ಯಾವುವೆಂದು ನೋಡೋಣ. ಹಳೆಯ ಜೀಪು ಒಂದು. ಟ್ರೇಲರು ಕಟ್ಟಿದ ಪವರ್ ಟಿಲ್ಲರು ಒಂದು. ಚಿಕ್ಕ ಟ್ರ್ಯಾಕ್ಟರು ಒಂದು. 2005ರಲ್ಲಿ ಬಂದ ಟಾಟಾ ಏಸ್‌ನಂಥ ಮುಕ್ಕಾಲು ಟನ್ನಿನ ಸಾಮಾನು ಗಾಡಿ ಒಂದು. ಇವುಗಳ ಜತೆಗೆ ಈಗ ತರುಣರ ಬಾಯಲ್ಲಿ ಐದನೆಯ ಹೆಸರೊಂದು ಕೇಳಿಬರುತ್ತಿದೆ: ಅಮೆರಿಕದವರು ಸೈಡ್ ಬೈ ಸೈಡ್ ಎಂದು ಕರೆಯುವ ಗಾಡಿ. ಚಾಲಕನೂ ಜತೆಗಾರನೂ ಪಕ್ಕಪಕ್ಕದಲ್ಲಿ ಕೂರುವುದರಿಂದ ಅದಕ್ಕೆ ಆ ಹೆಸರು. ನಾಲ್ಕು ಉಬ್ಬುಚಕ್ರ, ಕಾರಿನಂತೆಯೇ ಸ್ಟೇರಿಂಗು, ತಲೆಯ ಮೇಲೆ ಕಬ್ಬಿಣದ ಚೌಕಟ್ಟು, ಹಿಂದೆ ಸಾಮಾನು ತುಂಬುವ ತೊಟ್ಟಿ. ವಾರದ ದಿನಗಳಲ್ಲಿ ಜಮೀನಿನ ಕೆಲಸ, ಬಿಡುವಿನಲ್ಲಿ ಕಾಡುಹಾದಿಯ ಸವಾರಿ, ಎರಡಕ್ಕೂ ಆಗುವುದೆಂಬುದೇ ಅದರ ಆಕರ್ಷಣೆ.

ಕವಾಸಾಕಿ ಕಂಪೆನಿಯು 'ಮ್ಯೂಲ್', ಎಂದರೆ ಹೇಸರಗತ್ತೆ, ಎಂಬ ಹೆಸರಿನಿಂದ ಇಂಥ ಗಾಡಿಯನ್ನು 1988ರಲ್ಲಿ ಹೊರತಂದಿತು. ಹೆಸರೇ ಉದ್ದೇಶವನ್ನು ಹೇಳುತ್ತದೆ. ಸೋಜಿಗವೆಂದರೆ, 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿದ ನಮ್ಮ ಮಹೀಂದ್ರ ಸಂಸ್ಥೆಯೇ, ಅದೇ ಜೀಪಿನ ವಂಶಕ್ಕೆ ಸೇರಿದ 'ರೋಕ್ಸರ್' ಎಂಬ ಡೀಸೆಲ್ ಗಾಡಿಯನ್ನು 2018ರಲ್ಲಿ ಅಮೆರಿಕದ ಪೇಟೆಗೆ ಇಳಿಸಿತು. ಅದೂ ರಸ್ತೆಗಲ್ಲ, ಜಮೀನಿಗೆ ಮಾತ್ರ ಸಲ್ಲುವ ಸೈಡ್ ಬೈ ಸೈಡ್ ಆಗಿ. ನಮ್ಮ ಗುಡ್ಡೆಗಳಲ್ಲಿ ಅಜ್ಜಂದಿರ ಕಾಲದಿಂದ ಏದುತ್ತ ಏರಿದ ಜೀಪು ಅಲ್ಲಿ ಹೊಸ ಬಗೆಯ ಗಾಡಿಯೆನಿಸಿಕೊಂಡಿತು. ಆದುದರಿಂದ ಹೆಸರಿಗೆ ಮರುಳಾಗದೆ ಗುಣವನ್ನು ತೂಗುವುದು ಲೇಸು.

ತೂಗುವುದು ಎಲ್ಲಿಂದ? ಅಂಗಡಿಯಿಂದಲ್ಲ, ತೋಟದಿಂದ. ಶಿಫಾರಸಿನಂತೆ ಕಂಗುಗಳ ನಡುವಣ ಅಂತರ 2.7 ಮೀಟರು, ಎಂದರೆ ನಮ್ಮ ಹಿರಿಯರ ಒಂಬತ್ತಡಿ. ಈ ಲೆಕ್ಕದಲ್ಲಿ ಎಕರೆಗೆ ಸುಮಾರು 555 ಮರಗಳು. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಬೇಕೆಂಬುದು ಶಿಫಾರಸು. ಕೂಡಿಸಿ ನೋಡಿದರೆ ಎಕರೆಗೆ 13 ಟನ್ನಿಗಿಂತ ಹೆಚ್ಚು! ಇದಕ್ಕೆ ಹೋಲಿಸಿದರೆ ರಾಸಾಯನಿಕ ಗೊಬ್ಬರದ ಭಾರ ಏನೂ ಅಲ್ಲ. ಮರಕ್ಕೆ 140 ಗ್ರಾಮು ಪೊಟಾಷಿನಂತೆ ಎಕರೆಗೆ ಐವತ್ತು ಕಿಲೋದ ಮೂರು ಮೂಟೆ ಸಾಕು. ಹಾಗಾಗಿ ನಮ್ಮ ತೋಟದ ಗಾಡಿ ಮುಖ್ಯವಾಗಿ ಹೊರಬೇಕಾದುದು ಸೊಪ್ಪು ಮತ್ತು ಗೊಬ್ಬರ. ಇಷ್ಟು ಭಾರವನ್ನು ಮೂವತ್ತು ಕಿಲೋದ ತಲೆಹೊರೆಯಲ್ಲಿ ಸಾಗಿಸಲು 440ಕ್ಕೂ ಹೆಚ್ಚು ಸಲ ನಡೆಯಬೇಕು. ಐನೂರು ಕಿಲೋ ಹೊರುವ ಗಾಡಿಗೆ 27 ಸುತ್ತು ಸಾಕು. ಸೊಪ್ಪು ಹಗುರ, ಆದರೆ ಜಾಗ ತಿನ್ನುವಂಥದು. ಆದುದರಿಂದ ತೊಟ್ಟಿ ಎಷ್ಟು ಭಾರ ತಾಳುವುದೆಂಬುದರ ಜತೆಗೆ ಅದು ಎಷ್ಟು ಅಗಲ, ಎಷ್ಟು ಉದ್ದ ಎಂಬುದನ್ನೂ ಅಳೆಯಬೇಕು. ಸೈಡ್ ಬೈ ಸೈಡ್ ಗಾಡಿಗಳ ತೊಟ್ಟಿ ಸಾಮಾನ್ಯವಾಗಿ 200ರಿಂದ 450 ಕಿಲೋ ಹೊರುವುದು. ಅಷ್ಟು ತೂಕದ ಸೊಪ್ಪು ಆ ತೊಟ್ಟಿಯಲ್ಲಿ ಹಿಡಿಸಲಾರದು.

ಇನ್ನು ಅಗಲದ ಮಾತು. ವಿಲ್ಲಿಸ್ ಜೀಪಿನ ಅಗಲ ಸುಮಾರು 1.57 ಮೀಟರು. ಹೊಸ ಮಾದರಿಯ ಥಾರ್ 1.82 ಮೀಟರು. ಸೈಡ್ ಬೈ ಸೈಡ್ ಗಾಡಿಗಳಲ್ಲಿ ಅನೇಕವು 1.27ರಿಂದ 1.63 ಮೀಟರಿನವು. ಒಂಬತ್ತಡಿಯ ಸಾಲಿನೊಳಗೆ ಇವು ಹೊಗಬಹುದೆಂದು ಕಾಗದದ ಮೇಲೆ ತೋರೀತು. ಆದರೆ ಸಾಲುಗಳ ನಡುವೆ ನೀರಿಳಿಯುವ ಕಣಿಯಿದೆ, ಸ್ಪ್ರಿಂಕ್ಲರಿನ ಕೊಳವೆಯಿದೆ, ಕಂಗಿಗೆ ಹಬ್ಬಿಸಿದ ಕರಿಮೆಣಸು ಇದೆ, ನಡುವೆ ನೆಟ್ಟ ಕೊಕ್ಕೋ ಇದೆ. ಅಲ್ಲದೆ, ಮಳೆ ನೆನೆದ ಮಣ್ಣಿನ ಮೇಲೆ ಚಕ್ರ ಮತ್ತೆ ಮತ್ತೆ ಓಡಿದರೆ ನೆಲ ಬಿಗಿದು ಬೇರಿಗೆ ಉಸಿರು ಕಟ್ಟುವುದು. ಆದುದರಿಂದ ಗಾಡಿ ಸಾಲಿನೊಳಗೆ ಬರುವುದೇ ಬೇಡ. ತೋಟದ ಬದಿಯಲ್ಲಿ ಎಂಟಡಿ ಅಗಲದ ಗಟ್ಟಿ ದಾರಿಯೊಂದಿದ್ದು, ಅಲ್ಲಿಂದ ಒಳಗೆ ಕೈಗಾಡಿ ಓಡಿದರೆ ಸಾಕು. ಕಾಲುಸಂಕವಿದ್ದಲ್ಲಿ ಒಂದು ಮೋರಿ, ಏರುವಲ್ಲಿ ಕಲ್ಲು ಹಾಸು, ನೀರು ಹರಿಯಲು ಬದಿಯ ಚರಂಡಿ ಇಷ್ಟನ್ನು ಮೊದಲು ಮಾಡಿಸಿ. ದಾರಿಯಿಲ್ಲದ ಜಮೀನಿಗೆ ದುಬಾರಿ ಗಾಡಿಯೂ ನಿಷ್ಪ್ರಯೋಜಕ. ದಾರಿಯಿರುವ ಜಮೀನಿಗೆ ಸಾಧಾರಣ ಗಾಡಿಯೇ ಸಾಕು.

ಏರು ಇಳಿಜಾರುಗಳ ವಿಚಾರಕ್ಕೆ ಬರೋಣ. ಐದಡಿ ಮುಂದೆ ಹೋದಾಗ ಒಂದಡಿ ಏರುವ ದಾರಿ ನಮ್ಮ ಗುಡ್ಡೆಗಳಲ್ಲಿ ಅಪರೂಪವಲ್ಲ. ಅಂಥಲ್ಲಿ ಹೊರೆಯೂ ಸೇರಿ ಎರಡು ಟನ್ನು ತೂಗುವ ಜೀಪನ್ನು ಸುಮಾರು 400 ಕಿಲೋ ಬಲ ಹಿಂದಕ್ಕೆಳೆಯುತ್ತಿರುತ್ತದೆ. ಒಣ ಮುರಕಲ್ಲಿನ ಮೇಲೆ ಹಿಂದಿನ ಎರಡು ಚಕ್ರಗಳಷ್ಟೇ ಇದನ್ನು ತಾಳಿಯಾವು. ಆಷಾಢದ ಪಾಚಿಯ ಮೇಲೆ ತಾಳಲಾರವು. ಆದುದರಿಂದ ಗುಡ್ಡೆಯ ಮನೆಯವರಿಗೆ ನಾಲ್ಕೂ ಚಕ್ರ ತಿರುಗುವ, ನಿಧಾನದ ಗೇರು ಪ್ರತ್ಯೇಕವಾಗಿರುವ ಗಾಡಿಯೇ ಬೇಕು. ಅದು ಏರುವುದಕ್ಕಿಂತ ಇಳಿಯುವುದಕ್ಕೆ ಹೆಚ್ಚು ಮುಖ್ಯ: ನಿಧಾನದ ಗೇರಿನಲ್ಲಿ ಇಂಜಿನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕು ಕಾದು ಸೋಲುವುದಿಲ್ಲ. ಸೈಡ್ ಬೈ ಸೈಡ್ ಗಾಡಿಗಳಲ್ಲಿ ಬಹುಪಾಲು ಗೇರಿನ ಬದಲು ರಬ್ಬರಿನ ಬೆಲ್ಟಿನಿಂದ ಓಡುತ್ತವೆ. ಬರಿಮೈಯ ಸವಾರಿಗೆ ಅದು ಹಿತ. ಹೊರೆಯೊಡನೆ ನಿಧಾನವಾಗಿ ಏರುವಾಗ ಬೆಲ್ಟು ಕಾದು ಸವೆಯುತ್ತದೆ. ಅಂಥ ಬೆಲ್ಟು ಹತ್ತಿರದ ಪೇಟೆಯಲ್ಲಿ ದೊರೆಯುವುದೋ ಎಂದು ಮುಂಗಡ ಕೊಡುವ ಮೊದಲೇ ವಿಚಾರಿಸಿ. ಜೀಪಿನ ಬಿಡಿಭಾಗಗಳಾದರೋ ಸಣ್ಣ ಪೇಟೆಗಳಲ್ಲೂ ಸಿಕ್ಕುತ್ತವೆ, ರಿಪೇರಿ ಬಲ್ಲವರೂ ಸಿಕ್ಕುತ್ತಾರೆ.

ಪವರ್ ಟಿಲ್ಲರು ಬೈಲಿನವರಿಗೆ ಬಲು ಉಪಕಾರಿ. 1973ರಲ್ಲಿ ಸ್ಥಾಪನೆಯಾದ ಕೇರಳದ ಸರಕಾರಿ ಸಂಸ್ಥೆ ಕ್ಯಾಮ್ಕೋ ಇವನ್ನು ತಯಾರಿಸುತ್ತದೆ, ಬೆಂಗಳೂರಿನ ವಿ.ಎಸ್.ಟಿ.ಯವರ ಟಿಲ್ಲರೂ ನಮ್ಮಲ್ಲಿ ಪರಿಚಿತ. ಆದರೆ ಇದನ್ನು ನಡೆಸುವವರು ಒಂದು ಮಾತನ್ನು ಮನಸ್ಸಿನಲ್ಲಿ ಕೆತ್ತಿಕೊಳ್ಳಬೇಕು. ಸಮತಟ್ಟಿನಲ್ಲಿ ಎಡಗೈಯ ಕ್ಲಚ್ಚನ್ನು ಹಿಡಿದರೆ ಟಿಲ್ಲರು ಎಡಕ್ಕೆ ತಿರುಗುತ್ತದೆ. ಹೊರೆ ತುಂಬಿದ ಟ್ರೇಲರು ಹಿಂದಿನಿಂದ ದೂಡುತ್ತಿರುವಾಗ, ಇಳಿಜಾರಿನಲ್ಲಿ, ಅದೇ ಎಡಗೈಯ ಕ್ಲಚ್ಚನ್ನು ಹಿಡಿದರೆ ಬಲಕ್ಕೆ ತಿರುಗುತ್ತದೆ. ಇಂಜಿನಿನ ಹಿಡಿತ ತಪ್ಪಿದ ಚಕ್ರ ವೇಗವಾಗಿ ಉರುಳುವುದೇ ಇದಕ್ಕೆ ಕಾರಣ. ಇದನ್ನರಿಯದೆ ಗುಂಡಿಗೆ ಇಳಿದವರುಂಟು. ಇಳಿಜಾರಿನಲ್ಲಿ ಕ್ಲಚ್ಚು ಮುಟ್ಟದೆ, ಕೈಹಿಡಿಯನ್ನೇ ತಿರುಗಿಸಿ, ಮೊದಲ ಗೇರಿನಲ್ಲಿ ಇಳಿಯಬೇಕು. ಹೊಸಬನ ಕೈಗೆ ಟಿಲ್ಲರು ಕೊಡುವ ಮುನ್ನ ಇದನ್ನು ತೋರಿಸಿಕೊಡಿ.

ಗಾಡಿ ಮಗುಚುವುದರ ಲೆಕ್ಕವನ್ನೂ ಮನೆಯವರೆಲ್ಲ ತಿಳಿದಿರಬೇಕು. ಎಡಬಲದ ಚಕ್ರಗಳ ನಡುವಣ ಅಂತರ 130 ಸೆಂಟಿಮೀಟರು, ಭಾರಕೇಂದ್ರ ನೆಲದಿಂದ 75 ಸೆಂಟಿಮೀಟರು ಎತ್ತರ ಎಂದಿಟ್ಟುಕೊಳ್ಳಿ. ನಿಂತಲ್ಲೇ ಆ ಗಾಡಿಯನ್ನು ಪಕ್ಕಕ್ಕೆ ವಾಲಿಸಿದರೆ ಸುಮಾರು 41 ಡಿಗ್ರಿಯಲ್ಲಿ ಮಗುಚುವುದು. ಸೊಪ್ಪಿನ ಮೇಲೆ ಗೋಣಿ, ಗೋಣಿಯ ಮೇಲೆ ಜನ ಎಂದು ಪೇರಿಸಿ ಭಾರಕೇಂದ್ರವನ್ನು 100 ಸೆಂಟಿಮೀಟರಿಗೆ ಏರಿಸಿದರೆ 33 ಡಿಗ್ರಿಗೇ ಮಗುಚುವುದು. ಓಡುವ ಗಾಡಿಗೆ ತಿರುವಿನ ಎಳೆತ, ಕಲ್ಲಿನ ಕುಲುಕು, ಜಾರು ನೆಲ ಇವೆಲ್ಲ ಸೇರುವುದರಿಂದ ಇದರ ಅರ್ಧವೂ ಅಪಾಯವೇ. ಅಮೆರಿಕದಲ್ಲಿ 2009ರಲ್ಲಿ ಯಮಹಾ ರೈನೋ ಎಂಬ ಸೈಡ್ ಬೈ ಸೈಡ್ ಗಾಡಿಯ ಮಾರಾಟವನ್ನು ತಡೆದು, ಮಾರಿದವನ್ನು ಉಚಿತವಾಗಿ ಸರಿಪಡಿಸಿಕೊಡಬೇಕಾಯಿತು. ಅಲ್ಲಿನ ಸುರಕ್ಷತಾ ಆಯೋಗವು ಅದಕ್ಕೆ ಸಂಬಂಧಿಸಿದ 46 ಸಾವುಗಳನ್ನು ಪರಿಶೀಲಿಸಿತ್ತು. ಸಮತಟ್ಟಿನಲ್ಲಿ, ಹೆಚ್ಚು ವೇಗವಿಲ್ಲದೆ ತಿರುಗಿದಾಗಲೂ ಅನೇಕ ಗಾಡಿಗಳು ಮಗುಚಿದ್ದವು. ಹಿಂದಿನ ಚಕ್ರಗಳನ್ನು ಹೊರಕ್ಕೆ ಸರಿಸಿ ಅಗಲ ಹೆಚ್ಚಿಸಿದ್ದು ಪರಿಹಾರಗಳಲ್ಲಿ ಒಂದು.

ತಲೆಯ ಮೇಲಣ ಕಬ್ಬಿಣದ ಚೌಕಟ್ಟು ಜೀವ ಉಳಿಸುವಂಥದೇ. ಸ್ವೀಡನ್ ದೇಶವು 1959ರಿಂದಲೇ ಹೊಸ ಟ್ರ್ಯಾಕ್ಟರುಗಳಿಗೆ ಅದನ್ನು ಕಡ್ಡಾಯಗೊಳಿಸಿ ಸಾವುಗಳನ್ನು ಬಹಳಷ್ಟು ತಗ್ಗಿಸಿತು. ಆದರೆ ಸೀಟುಬೆಲ್ಟು ಕಟ್ಟದವನಿಗೆ ಆ ಚೌಕಟ್ಟೇ ಶತ್ರು: ಗಾಡಿ ಮಗುಚುವಾಗ ಆತ ಹೊರಕ್ಕೆ ಚಿಮ್ಮಿ ಅದರಡಿಗೇ ಬೀಳಬಹುದು. ಹಳೆಯ ಜೀಪು ಕೊಳ್ಳುವವರು ಮೊದಲು ಅದಕ್ಕೆ ಚೌಕಟ್ಟೂ ಬೆಲ್ಟೂ ಇವೆಯೇ ಎಂದು ನೋಡಲಿ. ಬಣ್ಣವನ್ನು ಆಮೇಲೆ ನೋಡಿದರಾಯಿತು.

2023ರ ಆಗಸ್ಟ್ 25ರಂದು ವಯನಾಡಿನ ಮಾನಂತವಾಡಿಯ ಬಳಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದವರ ಜೀಪು ಕಮರಿಗುರುಳಿ ಒಂಬತ್ತು ಮಂದಿ ಹೆಂಗಸರು ತೀರಿಕೊಂಡರು. ಗಾಡಿಯಲ್ಲಿ ಹದಿನಾಲ್ಕು ಮಂದಿಯಿದ್ದರು. ನಮ್ಮ ಮನೆಗೆ ಕೆಲಸಕ್ಕೆ ಬರುವವರೂ ಇನ್ನೊಂದು ಮನೆಯ ತಾಯಂದಿರು, ಅಣ್ಣತಮ್ಮಂದಿರು. ಅವರನ್ನು ಸಾಮಾನಿನ ಮೇಲೆ ಕುಳ್ಳಿರಿಸಿ ಒಯ್ಯುವುದು ರೂಢಿಯಾಗಿದೆಯೆಂಬ ಮಾತ್ರಕ್ಕೆ ಸರಿಯಾಗದು. ಸಾಮಾನು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ಪೆಟ್ಟಾದರೆ ವಿಮೆಯ ಕಂಪೆನಿಗೆ ಹೊಣೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲೇ ಹೇಳಿದೆ. ಆಗ ಪರಿಹಾರದ ಹೊರೆ ಬೀಳುವುದು ಗಾಡಿಯ ಒಡೆಯನ ಮೇಲೆ. ಒಂದೇ ಅಪಘಾತಕ್ಕೆ ತೋಟವೇ ಅಡವಾಗಬಹುದು.

ಇನ್ನು ಗಡಿಯಾಚೆಯ ನಮಗೇ ವಿಶೇಷವಾದ ತೊಡಕು. 1988ರ ಮೋಟಾರು ವಾಹನ ಕಾಯಿದೆಯಂತೆ, ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ವಿಮೆಯೂ ಪರವಾನಗಿಯೂ ಬೇಕು. ಬೇಲಿಯ ಒಳಗೆ ಮಾತ್ರ ಸಲ್ಲುವಂತೆ ತಯಾರಾದ ಸೈಡ್ ಬೈ ಸೈಡ್ ಗಾಡಿಗೆ ರಸ್ತೆಯ ನೋಂದಣಿ ದೊರೆಯದು. ಮನೆ ಒಂದು ಬದಿ, ತೋಟ ಇನ್ನೊಂದು ಬದಿ, ನಡುವೆ ಪಂಚಾಯತು ರಸ್ತೆ, ಇದು ನಮ್ಮಲ್ಲಿ ಎಷ್ಟು ಮನೆಗಳ ಸ್ಥಿತಿಯಲ್ಲ! ಆ ಹತ್ತು ಮಾರು ರಸ್ತೆಯನ್ನು ದಾಟಿದರೂ ಕಾನೂನಿನ ಕಣ್ಣಿಗೆ ಅದು ತಪ್ಪೇ. ಮತ್ತೆ, ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಅಗ್ಗಕ್ಕೆ ಸಿಕ್ಕಿತೆಂದು ಕರ್ನಾಟಕ ನೋಂದಣಿಯ ಜೀಪನ್ನು ತಂದವರು ನೆನಪಿಡಬೇಕು: ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ, ಮೊದಲ ಕಚೇರಿಯ ನಿರಾಕ್ಷೇಪಣಾ ಪತ್ರ ತಂದು ಇಲ್ಲಿನ ಸಂಖ್ಯೆ ಪಡೆಯಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. 15 ವರ್ಷ ದಾಟಿದ ಗಾಡಿಯಾದರೆ ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣವೂ ಉಂಟು. ಈ ಖರ್ಚನ್ನು ಕೂಡಿಸಿದ ಮೇಲೂ ಅಗ್ಗವೆನಿಸಿದರೆ ಮಾತ್ರ ಕೊಳ್ಳಿ.

ಸವಾರಿಯ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ರಜೆಯಲ್ಲಿ ಊರಿಗೆ ಬಂದ ಮಕ್ಕಳಿಗೆ ಗುಡ್ಡೆಯ ನೆತ್ತಿಯಿಂದ ಸೂರ್ಯಾಸ್ತ ತೋರಿಸುವುದೂ ಗಾಡಿಯ ಒಂದು ಸಾರ್ಥಕ್ಯವೇ. ಆದರೆ ರಕ್ಷಿತಾರಣ್ಯದೊಳಗೆ ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧ; ನಾಲ್ಕು ಮನೆಯವರು ಕುಡಿಯುವ ತೋಡಿನಲ್ಲಿ ಚಕ್ರ ಹೊರಳಿಸುವುದು ಅಪಚಾರ. ಹದಿನೆಂಟು ತುಂಬದ ಹುಡುಗನ ಕೈಗೆ ಗಾಡಿ ಕೊಟ್ಟು ಆತ ರಸ್ತೆಯಲ್ಲಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿಯಂತೆ ಹೆತ್ತವರಿಗೇ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ. 'ನಮ್ಮದೇ ಜಾಗವಲ್ಲವೇ' ಎಂದು ತೋಟದೊಳಗೆ ಬಿಡುವವರಿಗೆ ನಮ್ಮ ಉತ್ತರವಿಷ್ಟೇ: ಗುಡ್ಡೆಯ ಇಳಿಜಾರು ಒಡೆಯನ ಮಗನೆಂದು ದಾಕ್ಷಿಣ್ಯ ತೋರುವುದಿಲ್ಲ.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿದು. ಬೈಲಿನ ಎರಡು ಮೂರು ಎಕರೆಯವರಿಗೆ ಟಿಲ್ಲರೂ ಟ್ರೇಲರೂ ಸಾಕು. ಅದು ಉಳುವುದಕ್ಕೂ ಆಗುವುದು. ಒಳ್ಳೆಯ ದಾರಿಯಿದ್ದು ಪೇಟೆಗೆ ಫಸಲು ಒಯ್ಯುವವರಿಗೆ ಚಿಕ್ಕ ಸಾಮಾನು ಗಾಡಿ ತಕ್ಕದ್ದು. ಗುಡ್ಡೆಯ ಮೇಲೆ ಮನೆ, ಕೆಳಗೆ ತೋಟವಿರುವವರಿಗೆ ನಾಲ್ಕು ಚಕ್ರ ತಿರುಗುವ ಜೀಪಿಗೆ ಸಾಟಿ ಇನ್ನೂ ಬಂದಿಲ್ಲ; ಅದು ಮಧ್ಯರಾತ್ರಿ ರೋಗಿಯನ್ನು ಆಸ್ಪತ್ರೆಗೂ ಮುಟ್ಟಿಸುವುದು. ಅಕ್ಕಲಕೋಟೆ, ಜತ್ತಗಳ ಎರೆಭೂಮಿಯ ಬಂಧುಗಳಿಗೆ ಟ್ರ್ಯಾಕ್ಟರೇ ಸರಿ. ಸೈಡ್ ಬೈ ಸೈಡ್ ಗಾಡಿ ಸಲ್ಲುವುದು, ರಸ್ತೆ ದಾಟಬೇಕಿಲ್ಲದ ಒಂದೇ ಬೇಲಿಯ ದೊಡ್ಡ ಎಸ್ಟೇಟುಗಳಿಗೆ. ಒಬ್ಬರ ಕೈಗೆ ಎಟುಕದಿದ್ದರೆ ನೆರೆಯ ಮೂರು ಮನೆಯವರು ಕೂಡಿ ಒಂದು ಗಾಡಿ ಕೊಳ್ಳಬಹುದು. ಯಾರಿಗೆ ಯಾವ ದಿನ, ರಿಪೇರಿಗೆ ಯಾರೆಷ್ಟು ಎಂಬುದನ್ನು ಮಾತ್ರ ಮೊದಲೇ ಬರೆದಿಡಲಿ. ನೋಂದಣಿಯ ಹೆಸರು ಒಬ್ಬರದಿದ್ದರೆ ಹೊಣೆಯೂ ಅವರದೇ ಆಗುವುದೆಂಬುದನ್ನು ಉಳಿದವರು ಮರೆಯದಿರಲಿ.

ಕೊಳ್ಳುವ ಮುನ್ನ ಒಂದು ಮಳೆಯ ದಿನ, ನಿಮ್ಮದೇ ದಾರಿಯಲ್ಲಿ, ನಿಮ್ಮದೇ ಹೊರೆ ತುಂಬಿ ಓಡಿಸಿ ನೋಡಿ. ಮಾರುವವರು ಅದಕ್ಕೊಪ್ಪದಿದ್ದರೆ ಅವಸರಪಡಬೇಡಿ. ಮುಂದಿನ ಗಾಡಿಯನ್ನು ನೋಡಿ.