ಪೊಟ್ಟಣ ಒಂದು, ನೀರು ಎಷ್ಟು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಆರೋಗ್ಯ ಕೇಂದ್ರಗಳಲ್ಲಿ ಮಗುವಿಗೆ ಭೇದಿಯೆಂದರೆ ಮೊದಲು ಕೊಡುವುದು ಓ.ಆರ್.ಎಸ್. ಪೊಟ್ಟಣ. ಇದು ನಮ್ಮೂರಿಗೆ ಬಂದದ್ದು ಬಲು ದೂರದಿಂದ.

ಉಪ್ಪನ್ನು ಗ್ಲೂಕೋಸಿನೊಡನೆ ಕೊಟ್ಟರೆ ಕರುಳು ಎರಡನ್ನೂ ಒಟ್ಟಿಗೆ ಹೀರುತ್ತದೆ; ಹಿಂದೆಯೇ ನೀರೂ ಒಳಸೇರುತ್ತದೆ. ಭೇದಿಯಾಗುತ್ತಿದ್ದರೂ ಈ ದಾರಿ ಮುಚ್ಚುವುದಿಲ್ಲ. (ಉಪ್ಪು ಹಾಕಿದ ಗಂಜಿಯ ಗುಟ್ಟೂ ಇದೇ!) 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯ ರೋಗಿಗಳಲ್ಲಿ ಇದನ್ನು ಸಾಧಿಸಿ ತೋರಿಸಿತು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ನಡುವೆ ಡ್ರಿಪ್ ಬಾಟಲಿಗಳು ಸಾಲದೆ ಹೋದಾಗ, ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಈ ನೀರು ತುಂಬಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಇಷ್ಟಾಗಿಯೂ ಎಡವುವುದು ಅಳತೆಯಲ್ಲಿ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರನ್ನು ತಾಯಂದಿರಿಂದಲೇ ಕಲಸಿಸಿ ಕಲಿಸಿತು. ನಮ್ಮಲ್ಲಿ ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿಯೇ ಸಿಗುತ್ತದೆ. ಆದರೆ ಲೀಟರ್ ನೀರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಿ ಮಗುವಿಗೆ ಅಪಾಯ. ಮನೆಯ ಚೊಂಬು ಎಷ್ಟು ಹಿಡಿಯುತ್ತದೆ? ವಿದ್ಯಾರ್ಥಿಗಳು ಶಾಲೆಯ ಅಳತೆಪಾತ್ರೆಯಿಂದ ಅಳೆದು ನೋಡಿ, ಲೀಟರಿನ ಮಟ್ಟಕ್ಕೆ ಗುರುತು ಹಾಕಿಡಲಿ. ಕಲಸಿದ ನೀರು 24 ಗಂಟೆ ಕಳೆದರೆ ಚೆಲ್ಲಬೇಕು. ಮಗು ಮಂಕಾದರೆ, ಕುಡಿಯಲಾರದಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.