ಚೀಸಿಗೂ ಒಂದು ಮಣೆ ಹಾಕಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಕಡೆ ಎರಡು ಸುಗ್ಗಿ ಒಟ್ಟಿಗೇ ಶುರು. ಒಂದು ಅರೇಬಿಕಾ ಕಾಫಿ ಕೊಯ್ಲು, ಇನ್ನೊಂದು ನೆಂಟರದ್ದು. ಕ್ರಿಸ್‌ಮಸ್ ರಜೆ, ವರ್ಷದ ಕೊನೆ, ಮಕ್ಕಳಿಗೆ ಸ್ಕೂಲಿಲ್ಲ. ಬೆಂಗಳೂರಿನ ಭಾವ, ನಾದಿನಿ, ಅವರ ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಎಲ್ಲರಿಗೂ ಮಲೆನಾಡು ನೆನಪಾಗೋದು ಅದೇ ಹತ್ತು ದಿನದಲ್ಲಿ. ಬರಲಿ, ಸಂತೋಷವೇ. ನೆಂಟರಿಲ್ಲದ ಮನೆ ಮನೆಯಾ? ಆದರೆ ಆ ಹತ್ತು ದಿನ ಮನೆಯ ಹೆಂಗಸರು ಎಲ್ಲಿರ್ತಾರೆ ಅಂತ ಯಾರಾದ್ರೂ ನೋಡಿದ್ದೀರಾ? ಒಲೆ ಮುಂದೆ. ಬೆಳಿಗ್ಗೆ ಕಡುಬು ಇಲ್ಲಾ ಅಕ್ಕಿರೊಟ್ಟಿ, ಮಧ್ಯಾಹ್ನ ಕೋಳಿ ಸಾರು, ಸಸ್ಯಾಹಾರಿಗಳಿಗೆ ಬೇರೆ ಸಾರು, ನಾಲ್ಕಕ್ಕೆ ತಿಂಡಿ ಕಾಫಿ. ಅದು ಮುಗಿಯೋಷ್ಟರಲ್ಲಿ ಕಣದಲ್ಲಿ ಹರಡಿದ ಕಾಫಿ ಗುಡ್ಡೆ ಹಾಕಿಸಬೇಕು, ಆಳುಗಳ ಲೆಕ್ಕ ಬರೀಬೇಕು. ಸಂಜೆ ಆರಕ್ಕೆ ಅಂಗಳದಲ್ಲಿ ಬೆಂಕಿ ಹಾಕಿ ಎಲ್ಲರೂ ಸುತ್ತ ಕೂತ ಮೇಲೆ ಶುರುವಾಗುತ್ತೆ ನೋಡಿ ನಿಜವಾದ ಪರೀಕ್ಷೆ. ಒಂದು ತಟ್ಟೆ ಪಕೋಡ ಹೋಯ್ತು, ಇನ್ನೊಂದು ತಟ್ಟೆ ತಗೊಂಡು ಬಾ. ಮೊಟ್ಟೆ ಬೋಂಡ ಇದ್ಯಾ? ಬಿಸಿ ಇದ್ದಾಗಲೇ ಚೆನ್ನಾಗಿರುತ್ತೆ ಅಂತ ಹೊಗಳಿಕೆ ಬೇರೆ. ಹೊರಗೆ ನಗು ಕೇಳಿಸ್ತಾ ಇರುತ್ತೆ, ಒಳಗೆ ಎಣ್ಣೆ ಕಾಯ್ತಾ ಇರುತ್ತೆ.

ಅದಕ್ಕೇ ನಾನೀಗ ಹೇಳೋದು: ಆ ಆರರಿಂದ ಒಂಬತ್ತರ ಮೂರು ಗಂಟೆಯನ್ನ ಒಂದು ಹಲಗೆ ಚೀಸಿಗೆ ಒಪ್ಪಿಸಿಬಿಡಿ. ನಗಬೇಡಿ. ಇದು ಸಾಹೇಬರ ಶೋಕಿ ಅಂತ ಅನ್ನಿಸಬಹುದು. ನನಗೆ ಇದರಲ್ಲಿ ಕಾಣೋ ಗುಣ ಒಂದೇ. ಚೀಸ್ ಹಲಗೆಗೆ ಒಲೆ ಬೇಡ. ಅರ್ಧ ಗಂಟೆ ಮೊದಲು ಜೋಡಿಸಿಟ್ಟರೆ ಆಯ್ತು, ತಿನ್ನೋರೇ ಕೊಯ್ಕೊಂಡು ತಿಂತಾರೆ, ಬಡಿಸೋರು ಯಾರೂ ಬೇಡ. ಮನೆಯಾಕೆಯೂ ಬೆಂಕಿ ಪಕ್ಕ ಒಂದು ಕುರ್ಚಿ ಎಳ್ಕೊಂಡು ಕೂರಬಹುದು.

ನಮ್ಮತ್ತೆಗೆ ಇದು ಸರಿ ಬರಲಿಲ್ಲ ಮೊದಲು. "ಅಲ್ಲ ಕಣವ್ವ, ಬಂದೋರಿಗೆ ತಣ್ಣಗಿರೋದನ್ನ ಮುಂದಿಟ್ಟು ನೀವೇ ಕೊಯ್ಕೊಳ್ಳಿ ಅಂತಾರಾ? ಉಪಚಾರ ಅನ್ನೋದು ಬೇಡ್ವಾ?" ಅಂದ್ರು. ಅವರ ಮಾತಲ್ಲೂ ನ್ಯಾಯ ಇದೆ. ನಮ್ಮಲ್ಲಿ ಉಪಚಾರ ಅಂದ್ರೆ ಬಿಸಿ ಬಿಸಿ ಬಡಿಸೋದು, ಸಾಕು ಅಂದ್ರೂ ಇನ್ನೊಂದು ಹಾಕೋದು. ನಾನಂದೆ, "ಅತ್ತೆ, ನೀವು ನಾದಿನಿ ಹತ್ರ ಕೂತು ನೆಟ್ಟಗೆ ಮಾತಾಡಿ ಎಷ್ಟು ವರ್ಷ ಆಯ್ತು? ಅವಳು ಬರೋದು ಬೋಂಡಕ್ಕಾ, ನಿಮ್ಮನ್ನ ನೋಡೋಕಾ?" ಅವರು ಉತ್ತರ ಕೊಡಲಿಲ್ಲ. ಆದ್ರೆ ಆವತ್ತು ಸಂಜೆ ಶಾಲು ಹೊದ್ದು ಅಂಗಳಕ್ಕೆ ಬಂದು ಕೂತ್ರು.

ಇನ್ನು ನಮ್ಮ ಜಾಗದ ಕಥೆ. ಎಡಕುಮೇರಿ ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಹಳಿ ಮೇಲೆ ನಡೆದ ಚಾರಣ ನೆನಪಾಗಿರುತ್ತೆ. 1996ರಲ್ಲಿ ಮೀಟರ್ ಗೇಜ್ ರೈಲು ನಿಂತು, 2006ರಲ್ಲಿ ಬ್ರಾಡ್ ಗೇಜಿನ ಮೇಲೆ ಗೂಡ್ಸ್ ಓಡೋವರೆಗೆ ಹತ್ತು ವರ್ಷ ಆ ಸುರಂಗ, ಸೇತುವೆಗಳೆಲ್ಲ ಚಾರಣದವರದ್ದೇ ಆಗಿದ್ವು. ಈಗ ಹಾಗೆ ನಡೆಯೋ ಹಾಗಿಲ್ಲ, ನಡೀಬೇಡಿ ಕೂಡ, ರೈಲು ಓಡುತ್ತೆ. ಈ ಮಾತು ಯಾಕೆ ಬಂತು ಅಂದ್ರೆ, ಸ್ಟೇಷನ್ ಸುತ್ತ ಕಾಡು ಬಿಟ್ರೆ ಏನಿಲ್ಲ, ಈ ಕಡೆಯ ಗುಡ್ಡಗಳಲ್ಲಿ ಬೇಕು ಅಂದ ತಕ್ಷಣ ಓಡಿಹೋಗಿ ತರೋಕೆ ಅಂಗಡಿ ಇಲ್ಲ. ಸಕಲೇಶಪುರಕ್ಕೆ ಹೋಗಿಬರೋದು ಅಂದ್ರೆ ಅರ್ಧ ದಿನದ ಕೆಲಸ. ಕರೆಂಟು ಯಾವಾಗ ಹೋಗುತ್ತೋ ಅದೂ ಗೊತ್ತಿಲ್ಲ. ಹಾಗಾಗಿ ಬೆಂಗಳೂರಿಂದ ಬರೋ ನೆಂಟರಿಗೇ "ಏನು ತರಲಿ?" ಅಂತ ಕೇಳಿದಾಗ ಸ್ವೀಟ್ ಬಾಕ್ಸ್ ಬೇಡ, ಚೀಸ್ ತನ್ನಿ ಅಂತ ನಾಚಿಕೆ ಇಲ್ಲದೆ ಹೇಳಿ. ಗಟ್ಟಿ ಚೀಸ್ ಇನ್ನೂರು ಚಿಲ್ಲರೆ ಕಿಲೋಮೀಟರ್ ಪ್ರಯಾಣ ತಡೆಯುತ್ತೆ. ಮೆತ್ತನೆಯದ್ದಾದರೆ ಐಸ್ ಡಬ್ಬಿ ಬೇಕೇ ಬೇಕು.

ಯಾವ ಚೀಸ್? ಮೊದಲು ಯಾವುದು ಬೇಡ ಅಂತ ಹೇಳಿಬಿಡ್ತೀನಿ. ಹೋಂಸ್ಟೇಗಳಲ್ಲಿ ಈಗ ಒಂದು ತಟ್ಟೆ ಬರುತ್ತೆ: ಡಬ್ಬಿ ಚೀಸಿನ ಚೌಕ ತುಂಡು, ಅದರ ಮೇಲೆ ಅನಾನಸ್, ಅದರ ಮೇಲೆ ಕೆಂಪು ಚೆರಿ, ನಡುವೆ ಹಲ್ಲುಕಡ್ಡಿ. ಹಳೇ ಕಾಲದ ಬರ್ತ್‌ಡೇ ಪಾರ್ಟಿ ನೆನಪಿಗೆ ಬರುತ್ತೆ :-) ಆ ಡಬ್ಬಿ ಚೀಸ್ ಕೆಟ್ಟದ್ದಲ್ಲ, ದೋಸೆ ಮೇಲೆ ತುರಿದರೆ ನಾನೂ ತಿಂತೀನಿ. ಆದರೆ ಅದು ಪ್ರೊಸೆಸ್ಡ್. ಚೀಸನ್ನ ಒಂದಷ್ಟು ಲವಣ ಸೇರಿಸಿ ಕರಗಿಸಿ ಮತ್ತೆ ಅಚ್ಚಿಗೆ ಹೊಯ್ದಿದ್ದು. ಕಾಯಿಸಿದ ಮೇಲೆ ಅದು ಮುಂದಕ್ಕೆ ಮಾಗಲ್ಲ, ಇವತ್ತೂ ಅದೇ ರುಚಿ, ಆರು ತಿಂಗಳಾದ್ರೂ ಅದೇ ರುಚಿ. ಹಲಗೆ ಮೇಲೆ ಇಡೋಕೆ ಮಾಗಿದ ಚೀಸ್ ಬೇಕು. ಮೂರು ಸಾಕು: ಒಂದು ಮೆತ್ತನೆಯದ್ದು, ಒಂದು ಗಟ್ಟಿಯದ್ದು, ಒಂದು ಘಾಟಿನದ್ದು. ಐದಾರು ಬಗೆ ಇಟ್ಟರೆ ಯಾವುದನ್ನೂ ಸರಿಯಾಗಿ ತಿನ್ನಲ್ಲ. ರಾತ್ರಿ ಊಟ ಇದ್ದೇ ಇದೆ ಅನ್ನೋದಾದ್ರೆ ತಲೆಗೆ ಐವತ್ತು ಅರವತ್ತು ಗ್ರಾಂ ಲೆಕ್ಕ ಹಾಕಿ, ಎಂಟು ಜನಕ್ಕೆ ಅರ್ಧ ಕೆಜಿ ಒಳಗೇ ಮುಗಿಯುತ್ತೆ.

ಹೊರದೇಶದ್ದೇ ಆಗಬೇಕು ಅನ್ನೋ ಹುಚ್ಚೂ ಬೇಡ. ಬೆಂಗಳೂರಿನಲ್ಲೇ ವಲ್ಲಂಬ್ರೋಸ ಅನ್ನೋ ಹೆಸರಲ್ಲಿ ಬೆನೆಡಿಕ್ಟೀನ್ ಸನ್ಯಾಸಿಗಳು ಇಟಲಿಯ ವಿದ್ಯೆ ಕಲಿತು 2000ದ ದಶಕದಿಂದ ಮೊಜರೆಲ್ಲಾ ಮಾಡ್ತಾ ಬಂದ್ರು. ಆಮೇಲೆ ಅದೇ ಊರಿನಲ್ಲಿ ಚಿಕ್ಕ ಚಿಕ್ಕ ಚೀಸ್ ತಯಾರಕರು ಹಲವರು ಹುಟ್ಟಿಕೊಂಡ್ರು. ಕೊಡೈಕನಾಲ್, ಆರೋವಿಲ್ ಚೀಸ್ ಅಂತೂ ಹಳಬರಿಗೆಲ್ಲ ಗೊತ್ತು. ಬೆಲೆ ನೋಡಿ ಬೆಚ್ಚಿಬೀಳೋ ಮೊದಲು ಒಂದು ಲೆಕ್ಕ ತಿಳ್ಕೊಳ್ಳಿ. ಒಂದು ಕೆಜಿ ಗಟ್ಟಿ ಚೀಸಿಗೆ ಹೆಚ್ಚು ಕಮ್ಮಿ ಹತ್ತು ಲೀಟರ್ ಹಸುವಿನ ಹಾಲು ಬೇಕು, ಮೇಲೆ ತಿಂಗಳುಗಟ್ಟಲೆ ತಂಪಿನಲ್ಲಿ ಕಾಯಬೇಕು.

ಈ ಹತ್ತು ಲೀಟರಿನ ಲೆಕ್ಕದಲ್ಲೇ ನಮ್ಮ ಮಲೆನಾಡಲ್ಲಿ ಚೀಸ್ ಯಾಕೆ ಹುಟ್ಟಲಿಲ್ಲ ಅನ್ನೋದಕ್ಕೂ ಉತ್ತರ ಇದೆ ಅಂತ ನನ್ನ ಅಂದಾಜು. ಬಿಳಿಯರು ಹತ್ತೊಂಬತ್ತನೇ ಶತಮಾನದಲ್ಲೇ ಮಂಜರಾಬಾದಿಗೆ ಬಂದು ತೋಟ ಮಾಡಿದ್ರು. ರಾಬರ್ಟ್ ಎಲಿಯಟ್ ಬಂದಿದ್ದು 1856ರಲ್ಲಿ. ಅವರು ಹೋದ ಮೇಲೂ ಕಾಫಿ ಉಳಿಯಿತು, ಬಂಗಲೆ ಉಳಿಯಿತು, ಎಷ್ಟೋ ಮನೆಗಳಲ್ಲಿ ಸೀಬೆಹಣ್ಣಿನ ಜೆಲ್ಲಿ ಮಾಡೋ ಅಭ್ಯಾಸ ಉಳಿಯಿತು. ಚೀಸ್ ಮಾತ್ರ ಊರಿಗೆ ಇಳಿಯಲಿಲ್ಲ. ಕೊಟ್ಟಿಗೆಯಲ್ಲಿ ಇದ್ದಿದ್ದು ಮಲೆನಾಡು ಗಿಡ್ಡ. ಮಳೆಗೆ ಹೆದರಲ್ಲ, ಗುಡ್ಡ ಹತ್ತುತ್ತೆ, ಆದರೆ ದಿನಕ್ಕೆ ಎರಡು ಮೂರು ಲೀಟರ್ ಕೊಟ್ಟರೆ ಅದೇ ದೊಡ್ಡದು. ಆ ಹಾಲು ಮಕ್ಕಳಿಗೆ, ಕಾಫಿಗೆ, ಹೆಪ್ಪಿಗೆ. ಬೇಕು ಅಂತ ಹಾಲು ಒಡೆಸೋದು ಅಂದ್ರೆ ನಮ್ಮ ಅಜ್ಜಿಯಂದಿರಿಗೆ ಅಪಶಕುನ. ಕರು ಹಾಕಿದಾಗ ಗಿಣ್ಣು ಮಾಡ್ತಿದ್ರು, ಅಷ್ಟೇ ನಮ್ಮ ಪಾಲಿನ ಚೀಸು!

ಆದರೆ ಕನ್ನಡಕ್ಕೆ ಈ ವಿದ್ಯೆ ಗೊತ್ತೇ ಇರಲಿಲ್ಲ ಅಂತಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು ಕ್ರಿ.ಶ. 1025ರಲ್ಲಿ, ಎರಡನೇ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಎಮ್ಮೆ ಹಾಲನ್ನು ದಂಟಿನ ಬೇರಿನಂಥ ಗಿಡಮೂಲಿಕೆಗಳಿಂದ ಗಟ್ಟಿ ಮಾಡಿ ಸಿಹಿತಿಂಡಿಗೆ ಬಳಸೋ ವಿಧಾನ ಇದೆ. ಸಾವಿರ ವರ್ಷದ ಹಿಂದೆ! ಪ್ರಾಣಿಯ ಸೋಂಕಿಲ್ಲದ ಹೆಪ್ಪು.

ಪ್ರಾಣಿಯ ಸೋಂಕು ಅಂದೆನಲ್ಲ, ಇದನ್ನ ಸ್ವಲ್ಪ ಒತ್ತಿ ಹೇಳಬೇಕು. ನೆಂಟರಲ್ಲಿ ಸಸ್ಯಾಹಾರಿಗಳಿದ್ದೇ ಇರ್ತಾರೆ. ಚೀಸ್ ಹಾಲಿಂದ ತಾನೇ ಆಗೋದು, ತಿನ್ನಿ ತಿನ್ನಿ ಅಂತ ಒತ್ತಾಯ ಮಾಡೋರನ್ನ ಕಂಡಿದ್ದೀನಿ. ಹಾಲನ್ನ ಹೆಪ್ಪುಗಟ್ಟಿಸೋಕೆ ಯುರೋಪಿನಲ್ಲಿ ತಲೆತಲಾಂತರದಿಂದ ಬಳಸಿದ್ದು ರೆನೆಟ್, ಅಂದ್ರೆ ಹಾಲು ಕುಡಿಯೋ ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಪಾರ್ಮಿಜಾನೊ ರೆಜ್ಜಾನೊ ಅಂತ ಹೆಸರು ಹಾಕಬೇಕಾದ್ರೆ ಇವತ್ತಿಗೂ ಕರುವಿನ ರೆನೆಟ್ಟೇ ಆಗಬೇಕು, ಅದು ಅಲ್ಲಿನ ನಿಯಮ. ನಮ್ಮ ದೇಶದಲ್ಲಿ ತಯಾರಾಗೋ ಚೀಸಿಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಹಾಕ್ತಾರೆ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತೆ. ಆದರೆ ವಿದೇಶದಿಂದ ಭಾವನ ಮಗ ಸೂಟ್‌ಕೇಸಿನಲ್ಲಿ ತಂದ ಚೀಸಿಗೆ ಹಸಿರು ಚುಕ್ಕೆ ಎಲ್ಲಿಂದ ಬರಬೇಕು? ಪೊಟ್ಟಣ ಓದಿ, ಗೊತ್ತಾಗದಿದ್ರೆ ಅದನ್ನ ಬೇರೆ ತಟ್ಟೆಯಲ್ಲಿಟ್ಟು ಇಂಥದ್ದು ಅಂತ ಹೇಳಿಬಿಡಿ. ನೆಂಟರನ್ನ ಅವರಿಗೇ ಗೊತ್ತಿಲ್ಲದ ಹಾಗೆ ವ್ರತ ಮುರಿಸೋದು ಯಾವ ಉಪಚಾರವೂ ಅಲ್ಲ. ಹಾಗೇ ಬಸುರಿ ಹೆಣ್ಣುಮಕ್ಕಳಿದ್ರೆ ಬೂಷ್ಟಿನ ಹೊದಿಕೆ ಇರೋ ಮೆತ್ತನೆ ಚೀಸ್, ನೀಲಿ ಚೀಸ್ ಎರಡೂ ಬೇಡ. ಗಟ್ಟಿಯದ್ದು ಕೊಡಿ.

ನೀಲಿ ಚೀಸ್ ಅಂದ್ರೆ ನಮ್ಮನೆಯಲ್ಲಿ ಎಲ್ಲರೂ ಮೂಗು ಮುಚ್ಚಿದ್ರು. "ಬೂಷ್ಟು ಹಿಡಿದಿದ್ದಕ್ಕೂ ದುಡ್ಡು ಕೊಡ್ತಾರಾ? ನಮ್ಮಲ್ಲಿ ಮಳೆಗಾಲದಲ್ಲಿ ಚಪ್ಪಲಿಗೂ ಬರುತ್ತೆ, ಫ್ರೀಯಾಗಿ" ಅಂದ್ರು ಚಿಕ್ಕಮಾವ. ಕಳಲೆ ನೆನೆಹಾಕಿದ ನೀರಿನ ವಾಸನೆ, ಒಣಮೀನು ಸುಡೋ ವಾಸನೆ ಕಂಡೋರು ಈ ಮಾತು ಹೇಳಬಾರದು ಅನ್ನೋದು ನನ್ನ ವಾದ. ಅಪ್ಪೆಮಿಡಿಯ ಘಾಟು ಸೈಬೇಕು, ಇದು ಮಾತ್ರ ಬೇಡವಾ? ಒಂದು ಉಪಾಯ ಇದೆ, ಜೇನು. ತುಡುವೆ ಜೇನು ಒಂದು ಹನಿ ಮೇಲೆ ಬಿಟ್ಟು ಕೊಡಿ, ಘಾಟು ಅರ್ಧಕ್ಕಿಳಿಯುತ್ತೆ. ಮುಜಂಟಿ ಜೇನು ಸಿಕ್ಕಿದರಂತೂ, ಅದರ ಹುಳಿ ಮಿಶ್ರಿತ ಸಿಹಿಗೂ ನೀಲಿ ಚೀಸಿಗೂ ಹೇಳಿ ಮಾಡಿಸಿದ ಜೋಡಿ. ಚಿಕ್ಕಮಾವ ಮೂರು ಸಲ ಕೈ ಹಾಕಿದ್ದನ್ನ ನಾನೇ ಎಣಿಸಿದೆ.

ನಿಜ ಹೇಳಬೇಕಂದ್ರೆ ಚೀಸ್ ಮಾತ್ರ ಹೊರಗಿಂದ ಬರಬೇಕಾದ್ದು. ಉಳಿದದ್ದೆಲ್ಲ ಮನೇಲೇ ಇದೆ, ಅದೂ ಡಿಸೆಂಬರಿನಲ್ಲೇ. ಕಾಫಿ ಗಿಡದ ನಡುವೆ ಬೆಳೆದ ಕಿತ್ತಳೆ ಆಗಲೇ ಹಣ್ಣಾಗಿರೋದು. ತೊಳೆ ಬಿಡಿಸಿ ಮೆತ್ತನೆ ಚೀಸಿನ ಪಕ್ಕ ಇಡಿ. ಮರದ ಮೇಲೆ ಕಾಳುಮೆಣಸು ಹಸಿರಾಗಿ ತುಂಬಿರುತ್ತೆ, ಒಂದೆರಡು ಗೆರೆ ಕಿತ್ತು ನಿಂಬೆಹುಳಿ, ಉಪ್ಪಿನಲ್ಲಿ ಮೊದಲೇ ನೆನೆಸಿಟ್ಟಿದ್ರೆ ಗಟ್ಟಿ ಚೀಸಿನ ಜೊತೆ ಎರಡೇ ಕಾಳು ಕಚ್ಚಿ ನೋಡಿ, ಆಮೇಲೆ ಹೇಳಿ. ಸೀಬೆ ಜೆಲ್ಲಿ ಇದ್ದರೆ ಸರಿ, ಇಲ್ಲಾಂದ್ರೆ ಹೇರಳೆಕಾಯಿಯ ಸಿಹಿ ಉಪ್ಪಿನಕಾಯಿ. ಘಟ್ಟದ ಕೆಳಗಿನ ಗೋಡಂಬಿ ಹುರಿದಿದ್ದು ಒಂದು ಹಿಡಿ. ಕ್ರ್ಯಾಕರ್ ಬಿಸ್ಕತ್ತಿನ ಬದಲು ಬೆಳಗಿನ ಅಕ್ಕಿರೊಟ್ಟಿಯನ್ನ ಕೆಂಡದ ಮೇಲೆ ಗರಿ ಗರಿ ಸುಟ್ಟು ಮುರಿದಿಡಿ. ಹಲಸಿನ ಹಪ್ಪಳವೂ ಆಗುತ್ತೆ, ಅದಕ್ಕೆ ಮತ್ತೆ ಎಣ್ಣೆ ಇಡಬೇಕಲ್ಲ ಅಂತ ನಾನು ಬಿಟ್ಟಿದ್ದೀನಿ. ಕೆಂಡದಲ್ಲಿ ಸುಟ್ಟರೂ ಆದೀತು, ಆದರೆ ಅದನ್ನ ಗಂಡಸರಿಗೆ ಬಿಡಿ. ಬೆಂಕಿ ಪಕ್ಕ ಹೇಗೂ ಸುಮ್ಮನೇ ಕೂತಿರ್ತಾರೆ.

ಚೀಸನ್ನ ಫ್ರಿಜ್ಜಿನಿಂದ ನೇರ ತಂದು ಇಡಬೇಡಿ. ತಣ್ಣಗಿದ್ದಾಗ ರುಚಿನೂ ಇಲ್ಲ ಪರಿಮಳನೂ ಇಲ್ಲ. ಮುಕ್ಕಾಲು ಗಂಟೆ, ನಮ್ಮ ಡಿಸೆಂಬರ್ ಚಳಿಗೆ ಒಂದು ಗಂಟೆಯೇ ಇರಲಿ, ಹೊರಗೆ ಮುಚ್ಚಿಡಿ. ಹಾಗಂತ ರಾತ್ರಿಯಿಡೀ ಬಿಡೋದಲ್ಲ, ಎರಡು ಗಂಟೆ ಆಯ್ತು ಅಂದ್ರೆ ಮೆತ್ತನೆಯದ್ದನ್ನ ಎತ್ತಿಬಿಡಿ. ಒಂದೊಂದಕ್ಕೆ ಒಂದೊಂದು ಚಾಕು, ಇಲ್ಲಾಂದ್ರೆ ನೀಲಿಯ ಘಾಟು ಎಲ್ಲದಕ್ಕೂ ಹತ್ತುತ್ತೆ. ತ್ರಿಕೋನದ ತುಂಡಿದ್ರೆ ಮೂತಿ ಕತ್ತರಿಸೋ ಹಾಗೆ ಅಡ್ಡ ಕೊಯ್ಯಬಾರದು, ಉದ್ದಕ್ಕೆ ಸೀಳಬೇಕು. ಆಗ ಒಳಗಿನ ಮೆತ್ತನೆ ಭಾಗವೂ ಅಂಚೂ ಎಲ್ಲರಿಗೂ ಸಮ ಸಿಗುತ್ತೆ. ಇರುವೆಗೆ ಏನು ಮಾಡೋದು ಅಂತ ಯಾವ ವಿದೇಶಿ ಪುಸ್ತಕದಲ್ಲೂ ನಾನು ಓದಿಲ್ಲ. ಸ್ಟೂಲಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ, ಅತ್ತೆಯ ಉಪ್ಪಿನಕಾಯಿ ಭರಣಿಯ ತಂತ್ರ ಇದು.

ಕೊನೆಗೆ ಹಲಗೆ. ಅಟ್ಟದ ಮೇಲೆ ಹಳೇ ಬೀಟೆ ಮಣೆ ಇತ್ತು, ನನಗೆ ಅದರ ಮೇಲೇ ಕಣ್ಣು. "ಕೂರೋ ಮಣೆ ಮೇಲೆ ತಿನ್ನೋದಿಡ್ತೀಯೇನೇ?" ಅಂತ ಅತ್ತೆ ಅದನ್ನ ಮುಟ್ಟೋಕೂ ಬಿಡಲಿಲ್ಲ. ತೋಟದಲ್ಲಿ ಬಿದ್ದ ಹಲಸಿನ ಮರದ ಒಂದು ಹಲಗೆ ಕುಯ್ಯಿಸಿ, ವಾರ್ನಿಷ್ ಬಳಿಸದೆ ಬರೀ ಕೊಬ್ಬರಿ ಎಣ್ಣೆ ಉಜ್ಜಿಟ್ಟಿದ್ದೀನಿ. ಹಳದಿ ಬಣ್ಣಕ್ಕೆ ಬಿಳಿ ಚೀಸ್ ಚೆನ್ನಾಗಿ ಒಪ್ಪುತ್ತೆ. ಉಳಿದ ಗಟ್ಟಿ ಚೀಸಿನ ಚೂರುಗಳನ್ನ ಮಾರನೇ ಬೆಳಿಗ್ಗೆ ಕಾವಲಿ ಮೇಲಿನ ರೊಟ್ಟಿಗೆ ತುರಿದು ಹಾಕಿದ್ರೆ ಮಕ್ಕಳು ಜಗಳಾಡ್ಕೊಂಡು ತಿಂತಾರೆ. ನೀಲಿಯದ್ದು ಉಳಿಯೋ ಪ್ರಶ್ನೆಯೇ ಇಲ್ಲ, ಚಿಕ್ಕಮಾವ ಇದ್ದಾರಲ್ಲ.